ಗುಂಯ್ ನಿಂತ ಮೇಲೆ

"ತಗಂಡೋಗು, ಬೇಕಾದಂಗೆ ಬಾರ್ಸ್ಕೋ, ನಾನೇನೂ ಬ್ಯಾಡ ಅನ್ನಾಕಿಲ್ಲ. ಆದ್ರೆ ಅದು ಗುಂಯ್ ಅಂತದಲ್ಲಾ, ಅದ್ನ ಮಾತ್ರ ನಿಲ್ಲಿಸ್ಬ್ಯಾಡ ಕಣಪ್ಪಾ. ಗುಂಯ್ ಅಂತಿರೋಗಂಟ ಪೆಟ್ಗೆಗೆ ಕಿವಿ ಕೇಳಾಕಿಲ್ಲ."

ಬಾಡಿಗೆ ಮನೆಯ ಒಡತಿ ಅಂಜಿನಮ್ಮ ಹೀಗೆಂದಾಗ ಮಲ್ಲಿಕ್ ಕಿಸಕ್ಕನೆ ನಕ್ಕ. ನಗದೆ ಏನು ಮಾಡಿಯಾನು? ಅವನು ಪೀಣ್ಯದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಎಂಜಿನಿಯರು. ಯಾವ ಟ್ರಾನ್ಸ್‌ಫಾರ್ಮರು ಯಾಕೆ ಗುಂಯ್‌ಗುಡುತ್ತಿದೆ ಎಂದು ಹುಡುಕಿ ಆ ಸದ್ದನ್ನು ಅಡಗಿಸುವುದಕ್ಕೇ ಅವನಿಗೆ ತಿಂಗಳು ತಿಂಗಳು ಸಂಬಳ. ಅಂಥವನಿಗೆ ಗುಂಯ್ ನಿಲ್ಲಿಸಬೇಡ ಎನ್ನುವುದೂ ಒಂದೇ, ಅಗಸನಿಗೆ ಕೊಳೆ ತೆಗೆಯಬೇಡ ಎನ್ನುವುದೂ ಒಂದೇ.

"ಪೆಟ್ಟಿಗೆಗೆ ಕಿವಿ ಎಲ್ಲಿಂದ ಬರುತ್ತಜ್ಜಿ? ನೀವೊಳ್ಳೆ!" ಎಂದ.

ಮುದುಕಿ ನಗಲಿಲ್ಲ. ವಠಾರದ ಮುಂದಿನ ಭಾಗದಿಂದ ದನಿಯೊಂದು ತೇಲಿ ಬರುತ್ತಿತ್ತು. ಮಲ್ಲಿಕನ ತಂಗಿ ಕಾವ್ಯಾ ರೊಟ್ಟಿ ಬಡಿಯುತ್ತ ವಚನ ಹಾಡಿಕೊಳ್ಳುತ್ತಿದ್ದಳು. ಅಂಜಿನಮ್ಮ ಒಂದು ಗಳಿಗೆ ಅದನ್ನೇ ಆಲಿಸಿ, "ನಿನ್ ತಂಗಿ ಗಂಟ್ಲು ಚೆಂದಾಗೈತೆ. ಅದ್ಕೇ ಯೋಳ್ದೆ," ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಪೆಟ್ಟಿಗೆ ಆಕೆಯ ಗಂಡ ಲಕ್ಷ್ಮಣಪ್ಪ ಕೈಯಾರೆ ಕಟ್ಟಿದ ವಾಲ್ವ್ ಆಂಪ್ಲಿಫೈಯರು. ಪೀಣ್ಯ ಇನ್ನೂ ರಾಗಿಹೊಲವಾಗಿದ್ದ ಕಾಲದಲ್ಲಿ ಆತ ಮದುವೆಗೂ ಭಜನೆಗೂ ಮೈಕ್‌ಸೆಟ್ ಕೊಡುತ್ತಿದ್ದನಂತೆ. ಈಗ ಅವನೂ ಇಲ್ಲ, ಹೊಲವೂ ಇಲ್ಲ. ಹಿತ್ತಲ ಕೋಣೆಯಲ್ಲಿ ಇಲಿಹಿಕ್ಕೆ, ಒದ್ದೆ ಗೋಣಿಚೀಲ, ಹಳೆಯ ವಾರ್ನಿಷು ಎಲ್ಲ ಕಲೆತ ಗಬ್ಬುನಾತದ ನಡುವೆ ಆ ಪೆಟ್ಟಿಗೆ ಮಾತ್ರ ಕರಿಕಂಬಳಿ ಹೊದ್ದು ಕೂತಿತ್ತು. ಮಲ್ಲಿಕ್ ಕಂಬಳಿ ಎಳೆದಾಗ ಮುದುಕಿಯ ಕೈ ತಡೆಯುವಂತೆ ಮುಂದೆ ಬಂದು ಮತ್ತೆ ಹಿಂದಕ್ಕೆ ಸರಿದಿತ್ತು. ಅದನ್ನೆಲ್ಲ ಅವನು ಗಮನಿಸಿದರೆ ತಾನೆ!

ಅವನ ಕಣ್ಣೆಲ್ಲ ಬಲ್ಬಿನಂಥ ಆ ಗಾಜಿನ ವಾಲ್ವುಗಳ ಮೇಲೆ. ಪಾಪ, ಅವನ ಹುಚ್ಚೂ ಸಣ್ಣದಲ್ಲ. ಕಾಕ್ಸ್ ಟೌನಿನ ಆಂಗ್ಲೋ ಇಂಡಿಯನ್ ಮುದುಕನೊಬ್ಬ ಆಸ್ಟ್ರೇಲಿಯಾಕ್ಕೆ ಹೊರಟಾಗ ತನ್ನ ಹಳೆಯ ವಿಲಾಯಿತಿ ಎಲೆಕ್ಟ್ರಿಕ್ ಗಿಟಾರನ್ನು ಮಲ್ಲಿಕನ ಕೈಗಿತ್ತು, "ಇದಕ್ಕೊಂದು ವಾಲ್ವ್ ಆಂಪ್ ಹುಡುಕು ಮಗಾ, ಆಮೇಲೆ ನೋಡು," ಎಂದು ಹೇಳಿಹೋಗಿದ್ದ. ಅಂದಿನಿಂದ ಹುಡುಕಾಟವೋ ಹುಡುಕಾಟ. ಅವನ ಬಳಿ ಇದ್ದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಹಚ್ಚಿದರೆ ಆ ಗಿಟಾರು ಡಬ್ಬ ಬಡಿದ ಹಾಗೆ ಕಿರುಚುತ್ತಿತ್ತು. ಗಿಟಾರಿಗೂ ಆಂಪ್ಲಿಫೈಯರಿಗೂ ಸಾಲಾವಳಿ ಕೂಡಬೇಕು, ಜಾತಕ ಕೂಡದಿದ್ದರೆ ಎಷ್ಟು ಒಳ್ಳೆಯ ಹುಡುಗ ಹುಡುಗಿಯಾದರೂ ಸಂಸಾರ ಆಗದು ಎಂದು ಅವನು ಸಿಕ್ಕಸಿಕ್ಕವರಿಗೆ ಉಪದೇಶ ಮಾಡುತ್ತಿದ್ದ. ತನ್ನ ಮದುವೆಯ ಮಾತೆತ್ತಿದರೆ ಮಾತ್ರ ಜಾತಕವೆಲ್ಲ ಸುಳ್ಳು ಎನ್ನುತ್ತಿದ್ದ.

ಮಾಟ ಮಂತ್ರವಂತೂ ಅವನಿಗೆ ನಗೆಪಾಟಲು. ರಾಣೆಬೆನ್ನೂರಿನ ಮನೆಯಲ್ಲಿ ಅವ್ವ ಕಮಲಮ್ಮ ಅಮಾವಾಸ್ಯೆಗೆ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರೆ ಅದನ್ನು ಬಿಚ್ಚಿ ಶರಬತ್ತು ಮಾಡಿಕೊಂಡು ಕುಡಿದವನು ಅವನು. ಕಾವ್ಯಾ ಹಾಗಲ್ಲ, ಅವ್ವನ ಮಗಳು. ಹಾಡೂ ಅವ್ವನಿಂದಲೇ ಬಂದದ್ದು. ಬಿ.ಎ. ಮುಗಿಸಿ ಅಣ್ಣನ ಜೊತೆ ಇರಲು ಬಂದವಳು ಆಕಾಶವಾಣಿಯ ಸ್ವರ ಪರೀಕ್ಷೆಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ದಾಸರಹಳ್ಳಿಯ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದಾಗ ಕಮಲಮ್ಮ ಮೊದಲು ಕೇಳುತ್ತಿದ್ದುದು ಊಟ ಆಯಿತೇ ಎಂದಲ್ಲ. "ಒಂದ್ ನುಡಿ ಹೇಳವ್ವಾ," ಎಂದು. ಬೂತಿನ ಹೊರಗೆ ಜನ ನಿಂತಿದ್ದರೂ ಈ ಹುಡುಗಿ ನಾಚದೆ, ರಿಸೀವರಿಗೆ ಬಾಯಿ ಹತ್ತಿರ ಹಿಡಿದು ಒಂದು ನುಡಿ ಹಾಡುತ್ತಿದ್ದಳು. ಆ ಕಡೆ ಅವ್ವ, ಈ ಕಡೆ ಸಾಲಿನಲ್ಲಿ ನಿಂತವರು, ಎಲ್ಲರೂ ಸುಮ್ಮನಾಗುತ್ತಿದ್ದರು. ಆ ವಾರದ ಬದುಕಿಗೆ ಕಮಲಮ್ಮನಿಗೆ ಅಷ್ಟು ಸಾಕಾಗುತ್ತಿತ್ತು.

ಮಲ್ಲಿಕ್ ಪೆಟ್ಟಿಗೆಯನ್ನು ನಡುಮನೆಗೆ ತಂದು ಗಿಟಾರ್ ಹಚ್ಚಿದ. ವಾಲ್ವುಗಳು ನಿಧಾನವಾಗಿ ಕೆಂಪಾದವು. ಬಿಸಿ ಗಾಜಿನ ಮೇಲೆ ಧೂಳು ಸುಟ್ಟ ವಾಸನೆ. ಜೊತೆಗೇ ಶುರುವಾಯಿತು ನೋಡಿ ಆ ಗುಂಯ್! ಗಿಟಾರಿನ ತಂತಿ ಮೀಟಿದರೆ ಆ ಸದ್ದಿನ ಕೆಳಗೆ ಏನೋ ಚೆಂದದ್ದು ಹೂತುಹೋಗಿದೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಮಣ್ಣಿನಡಿಯ ನೀರಿನ ಸದ್ದು ಕೇಳಿದವನು ಅಗೆಯದೆ ಬಿಟ್ಟಾನೆಯೇ?

ತಳದ ತಗಡು ಬಿಚ್ಚಿದ. ಅರ್ಥಿಂಗ್ ತಂತಿ ಬಂದು ಸೇರುವ ಜಾಗದಲ್ಲಿ, ತಂತಿಗೂ ಕಬ್ಬಿಣಕ್ಕೂ ನಡುವೆ, ಅಂಗೈಯಗಲದ ಒಂದು ತಾಮ್ರದ ತಗಡನ್ನು ರಿವೆಟ್ ಹೊಡೆದು ಕೂರಿಸಿದ್ದರು. ಮೇಲೆಲ್ಲ ಕರಿ, ಹರಳೆಣ್ಣೆಯ ಜಿಡ್ಡು, ಕುಂಕುಮ. ಜಿಡ್ಡು ಒರೆಸಿದರೆ ಚೌಕ ಚೌಕದ ಗೀರುಗಳು, ಒಳಗೆ ಅಕ್ಷರಗಳು.

"ಇಲ್ಲಿ ನೋಡವಾ," ಎಂದು ತಂಗಿಯನ್ನು ಕರೆದ. "ಗುಂಯ್ ಅನ್ನೋ ದೆವ್ವ ಸಿಕ್ತು. ಅರ್ಥಿಂಗ್ ಜಾಗದಾಗ ಯಂತ್ರ ಕುಂದ್ರಿಸ್ಯಾರ! ಗುಂಯ್ ಅನ್ನದ ಏನ ಮಾಡೀತು?"

"ಬ್ಯಾಡೋ ಅಣ್ಣಾ, ಅಜ್ಜಿ ಅಷ್ಟು ಹೇಳ್ಯಾಳ. ಇದ್ದಲ್ಲೇ ಇರ್ಲಿ ಬಿಡು."

ಬಿಟ್ಟರೆ ಅವನು ಮಲ್ಲಿಕನೇ ಅಲ್ಲ. ರಿವೆಟ್ಟು ಒಡೆದು ತಗಡು ಕಿತ್ತ. ಉಪ್ಪುಕಾಗದದಲ್ಲಿ ಉಜ್ಜಿ ಹೊಸ ಅರ್ಥಿಂಗ್ ಕೊಟ್ಟ. ತಗಡನ್ನು ಅಲ್ಲೇ ಎಲ್ಲಾದರೂ ಎಸೆದಿದ್ದರೆ ಮುಂದೆ ಉಪಯೋಗಕ್ಕಾದರೂ ಬರುತ್ತಿತ್ತೇನೋ. ಆದರೆ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯವರಿಗೆ ಒಂದು ಚಾಳಿ ಇರುತ್ತದೆ, ನೆಲದ ಮೇಲೆ ಬೆರಳುದ್ದದ ತಾಮ್ರ ಬಿದ್ದಿದ್ದರೂ ಎತ್ತಿ ಸ್ಕ್ರ್ಯಾಪ್ ಡಬ್ಬಿಗೆ ಹಾಕದೆ ಕೈ ಸುಮ್ಮನಿರುವುದಿಲ್ಲ. ಮರುದಿನ ಆ ತಗಡು ಮಲ್ಲಿಕನ ಜೇಬಿನಲ್ಲಿ ಕಾರ್ಖಾನೆಗೆ ಹೋಯಿತು. ವೈಂಡಿಂಗ್ ವಿಭಾಗದ ಡಬ್ಬಿಯಲ್ಲಿ ತುಂಡುತಂತಿಗಳ ಮೇಲೆ ಠಣ್ಣೆಂದು ಬಿತ್ತು. ಆ ವಾರವೇ ಡಬ್ಬಿ ಕರಗಿಸುವ ಕುಲುಮೆಗೆ ಹೋಯಿತು.

ವೋಲ್ಟೇಜು ಏರಿಳಿಯದಂತೆ ಪೆಟ್ಟಿಗೆಗೆ ಹಚ್ಚಿದ್ದ ಸ್ಟೆಬಿಲೈಸರೂ ಸ್ವಲ್ಪ ಜುಂಯ್ ಎನ್ನುತ್ತಿತ್ತು. ಅದನ್ನೂ ಕಿತ್ತ. ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಟ್ಟು ಸ್ವಿಚ್ ಹಾಕಿದ.

ಗುಂಯ್ ಇಲ್ಲ. ಒಂದಿಷ್ಟೂ ಇಲ್ಲ. ಕತ್ತಲ ಕೋಣೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತ ಹಾಗೆ ನಿಶ್ಶಬ್ದ.

ಒಂದು ತಂತಿ ಮೀಟಿದ. ಅಯ್ಯೋ, ಆ ದನಿ! ಅದು ಹುಟ್ಟಿದ್ದು ಸ್ಪೀಕರಿನಲ್ಲೋ ಅವನ ಎದೆಯಲ್ಲೋ ತಿಳಿಯಲಿಲ್ಲ. ಮೆತ್ತಗೆ ಮೀಟಿದರೆ ತೊಟ್ಟಿಲ ಬಳಿಯ ಮಾತು. ಒತ್ತಿ ಮೀಟಿದರೆ ಗಂಟಲು ಬಿರಿದು ಅಳು. ಬೆರಳು ತೆಗೆದರೂ ಸ್ವರ ಸಾಯುತ್ತಿರಲಿಲ್ಲ, ಇನ್ನೂ ಏನೋ ಹೇಳುವುದಿದೆ ಎಂಬಂತೆ ನಿಂತೇ ಇರುತ್ತಿತ್ತು. ಇಷ್ಟು ವರ್ಷ ಅವನು ಹುಡುಕಿದ್ದು ಇದನ್ನೇ. ಮಲ್ಲಿಕನ ಕಣ್ಣಲ್ಲಿ ನೀರು ಬಂತು.

ಆಗಲೇ ಸ್ಪೀಕರಿನಿಂದ ಸಣ್ಣಗೆ ಹಾಡು ಕೇಳಿಸಿತು. ಅವನ ಕೈ ತಂತಿಯ ಮೇಲಿರಲಿಲ್ಲ. ಅಡುಗೆಮನೆಯಲ್ಲಿ ಹಾಡುತ್ತಿದ್ದ ಕಾವ್ಯಾಳ ವಚನ ಪೆಟ್ಟಿಗೆಯಲ್ಲೂ ಬರುತ್ತಿತ್ತು. ಕಾವ್ಯಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನೋ ಇದು?"

"ಏನಿಲ್ಲವಾ. ಹಳೇ ವಾಲ್ವು ಸಡ್ಲಾದ್ರ ಮೈಕಿನಂಗ ಸುತ್ತಲಿನ ಸದ್ದು ಹಿಡೀತಾವ."

"ಹಂಗಂದ್ರ ಅಜ್ಜಿ ಹೇಳಿದ್ದೂ ಅದ ಅಲ್ಲೇನು? ಕಿವಿ ಬರ್ತಾವ ಅಂತ?"

ಮಲ್ಲಿಕ್ ಮತ್ತೆ ಮೀಟತೊಡಗಿದ್ದ.

ಆಮೇಲೆ ಅವನಿಗೆ ಹಗಲೇನು ಸಂಜೆಯೇನು. ಪಾಳಿ ಮುಗಿಸಿ ಬಂದವನು ಕಾಲು ತೊಳೆಯುವ ಮುಂಚೆ ಸ್ವಿಚ್ ಹಾಕುತ್ತಿದ್ದ. ಮಲ್ಲಿಕ್ ಗಿಟಾರ್ ನುಡಿಸುವ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ವಿಶ್ವನಾಥ್ ಒಂದು ಭಾನುವಾರ ಬಂದ. ಗೋಡೆಗೊರಗಿ ಕೂತು ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖ ಸಪ್ಪಗಾಯಿತು.

"ಟೋನ್ ಸಕ್ಕತ್ತಾಗಿದೆ ಗುರು. ಆದ್ರೆ ಯಾರೋ ಅಳ್ತಿರೋ ಥರ ಇದೆ ಕಣೋ. ನಿಂಗೆ ಕೇಳಿಸ್ತಿಲ್ವಾ? ಇಬ್ರು ಅಳ್ತಿದಾರೆ ಮಗಾ."

"ಎರಡು ಸ್ವರ ಒಟ್ಟಿಗೆ ಬಂದ್ರೆ ಹಂಗೇ ಕೇಳ್ಸುತ್ತೆ," ಎಂದು ಮಲ್ಲಿಕ್ ನಕ್ಕ. ವಿಶ್ವನಾಥ್ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋದ.

ಅಂಜಿನಮ್ಮ ಮಾತ್ರ ತಪ್ಪದೆ ಬರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಸಂಜೆ ಗಿಟಾರ್ ಶುರುವಾದೊಡನೆ ಕಿಟಕಿಯ ಹೊರಗೆ, ಗೋಡೆಗೆ ಕಿವಿ ಆನಿಸಿಕೊಂಡು ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಗುಂಯ್ ನಿಂತದ್ದು ಆಕೆಗೆ ಗೊತ್ತಾಗಿತ್ತು. ಬೈಯಲು ಬಂದವಳು ಬೈಯಲಿಲ್ಲ, ಅದೇ ವಿಚಿತ್ರ.

ಕಾವ್ಯಾಳ ಗಂಟಲು ಕಟ್ಟಿತು. ಮೊದಮೊದಲು ಪೀಣ್ಯದ ಹೊಗೆ, ಧೂಳು ಎಂದುಕೊಂಡರು. ಮೆಣಸಿನ ಕಷಾಯ ಆಯಿತು, ಉಪ್ಪುನೀರಾಯಿತು. ಡಾಕ್ಟರು ದೀಪ ಬಿಟ್ಟು ನೋಡಿ, "ಗಂಟಲಲ್ಲಿ ಏನೂ ಇಲ್ಲಮ್ಮ, ಚೆನ್ನಾಗಿದೆ," ಎಂದರು. ದಿನದಿನಕ್ಕೆ ದನಿ ತೆಳುವಾಗುತ್ತ ಹೋಯಿತು. ಭಾನುವಾರದ ಫೋನಿನಲ್ಲಿ ನುಡಿ ಅರ್ಧಕ್ಕೇ ಮುರಿಯಿತು. "ಶೀತ ಆಗೇತಿ ಅವ್ವಾ," ಎಂದು ಮಲ್ಲಿಕನೇ ಫೋನ್ ತೆಗೆದುಕೊಂಡು ಹೇಳಿದ. ಸ್ವರ ಪರೀಕ್ಷೆಗೆ ಬರಬೇಕೆಂದು ಆಕಾಶವಾಣಿಯಿಂದ ಕರೆ ಬಂದ ದಿನ ಕಾವ್ಯಾ ಆ ಕಾಗದ ಹಿಡಿದು ಮೂಲೆಯಲ್ಲಿ ಕೂತು ಅತ್ತಳು. ಅಳುವಿಗೂ ದನಿ ಇರಲಿಲ್ಲ.

ಇತ್ತ ಗಿಟಾರಿನ ದನಿ ತುಂಬಿಕೊಳ್ಳುತ್ತಿತ್ತು. ಮಲ್ಲಿಕನಿಗೆ ಅನುಮಾನ ಬರಲಿಲ್ಲವೇ? ಬಂದಿತ್ತು, ಸುಳ್ಳೇಕೆ ಹೇಳಲಿ. ಕಾವ್ಯಾ ಹಾಡುವಾಗ ಸಾಲಿನ ಕೊನೆಯಲ್ಲಿ ಸ್ವರವನ್ನು ಸಣ್ಣಗೆ ಕೆಳಕ್ಕೆ ಜಾರಿಸುವುದಿತ್ತು, ಅವ್ವನಿಂದ ಕಲಿತ ಜಾರು. ಅದೇ ಜಾರು ಒಂದು ಸಂಜೆ ಅವನ ತಂತಿಯಲ್ಲಿ ಬಂತು. ಅವನು ಹಾಗೆ ನುಡಿಸಿರಲಿಲ್ಲ. ಆದರೂ ಸ್ವಿಚ್ ಆರಿಸಲಿಲ್ಲ. ಅಷ್ಟು ಚೆಂದವಿತ್ತು ಅದು, ಇನ್ನೊಮ್ಮೆ ಕೇಳೋಣ ಎನಿಸಿತು. ಆ ಒಂದು ಇನ್ನೊಮ್ಮೆಗೆ ಅವನು ಆಮೇಲೆ ಜೀವಮಾನವಿಡೀ ಕೊರಗಬೇಕಾಯಿತು.

ಮರುದಿನ ಸಂಜೆ ಕರೆಂಟು ಮಂಕಾಗಿ ಉರಿಯುತ್ತಿತ್ತು. ಮಲ್ಲಿಕ್ ತಂತಿ ಸರಿಮಾಡುತ್ತಿದ್ದ. ಕಾವ್ಯಾ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಕೈಯಲ್ಲಿ ಇಕ್ಕಳ. ಅಂಗೈ ಸುಟ್ಟಿತ್ತು. ನೋವಿಗೆ ಮುಖ ಕಿವುಚಿ ಬಾಯಿ ತೆರೆದಳು. ತುಟಿಗಳು ಆಡಿದವು.

"ಅಣ್ಣಾ!"

ಕೂಗು ಬಂದದ್ದು ಪೆಟ್ಟಿಗೆಯಿಂದ.

ಕಾವ್ಯಾ ಬಾಯಿ ಮುಚ್ಚಿದಳು. ಮತ್ತೆ ತೆರೆದಳು. ಗಂಟಲು ಹಿಡಿದುಕೊಂಡಳು. ಅವಳ ಕಣ್ಣು ಪೆಟ್ಟಿಗೆಯ ಮೇಲೆ ನೆಟ್ಟಿತು. "ಅಣ್ಣಾ, ನನ್ನ ದನಿ," ಎಂದಿತು ಪೆಟ್ಟಿಗೆ, ಅವಳದೇ ದನಿಯಲ್ಲಿ, ಅವಳ ತುಟಿ ಆಡಿದಂತೆಯೇ. ಅದರ ಹಿಂದೆ ಇನ್ನೊಂದು ದನಿ. ಎಳೆಯದು. ಒದ್ದೆಯಾದದ್ದು. "ಅವ್ವಾ... ಅವ್ವಾ..."

ಕಿಟಕಿಯ ಹೊರಗೆ ಅಂಜಿನಮ್ಮ ಗೋಳೋ ಎಂದು ಅತ್ತಳು.

ಮಲ್ಲಿಕ್ ಹೊರಗೆ ಓಡಿ ಆಕೆಯ ರಟ್ಟೆ ಹಿಡಿದ. "ಏನಿದು? ಏನಿದೆ ಆ ಪೆಟ್ಟಿಗೇಲಿ? ಹೇಳಿ ಅಜ್ಜಿ!"

ಮುದುಕಿ ಮಣ್ಣಿನಲ್ಲೇ ಕೂತು ಹೇಳಿದಳು. ಪಕ್ಕದೂರಿನ ದ್ಯಾಮಣ್ಣನ ಮೈಕ್‌ಸೆಟ್ಟು ಲಕ್ಷ್ಮಣಪ್ಪನದಕ್ಕಿಂತ ಚೆನ್ನಾಗಿ ನುಡಿಯುತ್ತಿತ್ತಂತೆ. ಜನ ಅವನನ್ನೇ ಕರೆಯತೊಡಗಿದರು. ಹೊಟ್ಟೆಕಿಚ್ಚು ತಡೆಯದೆ ಲಕ್ಷ್ಮಣಪ್ಪ ದ್ಯಾಮಣ್ಣನ ಸೆಟ್ಟಿಗೆ ಬಾಯಿಕಟ್ಟು ಮಾಡಿಸಲು ಹೋದ. ಯಾರಿಗೆ ಕಟ್ಟಿದರೆ ಅವರ ದನಿ ಅಡಗಿ, ಕಟ್ಟಿಸಿದವನ ಪೆಟ್ಟಿಗೆಗೆ ಸೇರುವ ಮಾಟ ಅದು. ಆ ಸೆಟ್ಟಿನ ಬಾಯಿ ತಾಕಿದ ಒಂದು ವಸ್ತು ತಾ ಎಂದ ಮಂತ್ರವಾದಿ. ಲಕ್ಷ್ಮಣಪ್ಪ ಭಜನೆ ಮುಗಿದ ರಾತ್ರಿ ದ್ಯಾಮಣ್ಣನ ಮೈಕಿಗೆ ಸುತ್ತಿದ್ದ ಬಟ್ಟೆ ಕದ್ದು ತಂದ. ಮಾಟ ಕಟ್ಟಿತು. ಆದರೆ ಆ ದಿನ ಆ ಮೈಕಿನ ಮುಂದೆ ಕೊನೆಯ ಪದ ಹಾಡಿದ್ದವಳು ಅವನ ಮಗಳೇ, ಸಾಕಮ್ಮ. ಬಟ್ಟೆಯಲ್ಲಿದ್ದದ್ದು ಅವಳ ಉಸಿರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

"ನನ್ ಸಾಕೂಗೆ ಮಾತು ನಿಂತೋಯ್ತು. ಅವ್ಳ ದನಿ ಈ ಪೆಟ್ಗೇಲಿ ಬರಾಕ್ ಶುರುವಾಯ್ತು. ಅವ್ಳು ಬಾಯಿ ಆಡ್ಸಿದ್ರೆ ಸಾಕು, ಇದು ಕೂಗೋದು. ನಂಗೆ ಭಯ ಕಣಪ್ಪಾ. ಒಂದಿನ ಸಂಜೆ ಅವ್ವಾ, ಅವ್ವಾ ಅಂತ ಒಂದೇ ಸಮನೆ ಕೂಗ್ತು. ಇದ್ರ ಕಾಟ ಸಾಕಾಗೋಯ್ತು ಅಂತ ನಾನು..." ಮುದುಕಿ ಎದೆ ಬಡಿದುಕೊಂಡಳು. "ನಾನು ಕಂಬ್ಳಿ ತಂದು ಮೇಲಾಕ್ಬುಟ್ಟೆ. ದನಿ ಕೇಳ್ದಂಗೆ. ಅವ್ಳು ಹಿತ್ಲು ಬಾವೀಲಿ ಬಿದ್ದಿದ್ಲು ಕಣಪ್ಪಾ. ಬಾವೀಲಿ ಬಿದ್ದು ನನ್ನ ಕೂಗ್ತಿದ್ಲು."

ಮಲ್ಲಿಕನ ಕೈ ಸಡಿಲವಾಯಿತು. ದೂರದ ಕಾರ್ಖಾನೆಗಳ ಧಡಧಡ ಒಂದೇ ಕೇಳುತ್ತಿತ್ತು.

ಮಗಳು ಸತ್ತ ಮೇಲೆ ಯಾರೋ ಸ್ವಾಮಿಗಳು ಬಂದು, ಈ ಪೆಟ್ಟಿಗೆ ದನಿಯ ರುಚಿ ಕಂಡಿದೆ, ಇನ್ನು ಹಾಡುವ ಗಂಟಲು ಎಲ್ಲಿ ಕೇಳಿದರೂ ಸೆಳೆದುಕೊಳ್ಳುತ್ತದೆ ಎಂದು ಹೇಳಿ, ಅದು ಕಿವುಡಾಗಿರಲಿ ಎಂದೇ ಆ ತಗಡು ಹೊಡೆಸಿದ್ದರಂತೆ. ತಗಡು ಎಲ್ಲಿ ಎಂದು ಅಂಜಿನಮ್ಮ ಕೇಳಿದಳು. ಮಲ್ಲಿಕ್ ತಲೆ ತಗ್ಗಿಸಿದ. ಅದು ಆಗಲೇ ಕರಗಿ, ಎಳೆದು, ಯಾವ ಊರಿನ ಯಾವ ಕಂಬದ ಟ್ರಾನ್ಸ್‌ಫಾರ್ಮರಿನೊಳಗೆ ಸುತ್ತಿಕೊಂಡಿತ್ತೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ದನಿ ವಾಪಸ್ ತರೋಕೆ ದಾರೀನೇ ಇಲ್ವಾ?"

ಮುದುಕಿ ಕಿಟಕಿಯೊಳಗಿನ ಪೆಟ್ಟಿಗೆಯ ಕಡೆ ನೋಡಿದಳು. "ಐತೆ," ಎಂದಳು ಮೆಲ್ಲಗೆ. "ಪೆಟ್ಗೆ ಬಾಯಿಗೆ ಅವ್ಳು ಬಾಯಿಟ್ಟು ಉಸ್ರು ಒಳೀಕ್ ಎಳ್ಕೋಬೇಕು. ಅವ್ಳು ಯೋಳ್ತಿದ್ದ ಪದಾನೇ ನೀನು ತಂತಿ ಮ್ಯಾಲೆ ಬಾರ್ಸ್ಬೇಕು. ಸ್ವಾಮಿಗೋಳು ಇದ್ನ ಯೋಳೋವಷ್ಟರಲ್ಲಿ ನನ್ ಸಾಕೂನೇ ಇರ್ಲಿಲ್ಲ."

"ಒಳಗೆ ಇಬ್ರಿದಾರಲ್ಲ ಅಜ್ಜಿ. ಕಾವ್ಯಾನ ದನೀನೇ ಬರುತ್ತೆ ಅಂತ ಏನು ಗ್ಯಾರಂಟಿ?"

ಅಂಜಿನಮ್ಮ ಸೆರಗು ಸರಿಮಾಡಿಕೊಂಡಳು. "ಕರೆದೋರು ಬತ್ತಾರೆ," ಎಂದಳು. ಅವನ ಕಣ್ಣು ನೋಡಲಿಲ್ಲ.

ಕಾವ್ಯಾ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಕೊರಳಿನ ಲಿಂಗದ ಕರಡಿಗೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಳು. ಸ್ಪೀಕರಿನ ಮುಂದಿನ ಮಾಸಲು ಬಟ್ಟೆಗೆ ತುಟಿ ತಾಗಿಸಿದಳು. ಬಟ್ಟೆಯಿಂದ ಹಳೆಯ ಬಾವಿಯ ಪಾಚಿಯ ವಾಸನೆ ಬಂತೆಂದು ಆಮೇಲೆ ಆಕೆ ಬರೆದು ತೋರಿಸಿದ್ದುಂಟು. ಮಲ್ಲಿಕ್ ಗಿಟಾರ್ ಎತ್ತಿಕೊಂಡ. ಅವ್ವ ಕಲಿಸಿದ, ತಂಗಿ ಹಾಡುತ್ತಿದ್ದ, ತಾನು ಒಂದು ದಿನವೂ ನಿಂತು ಕೇಳದ ಆ ವಚನವನ್ನು ಹುಡುಕಿ ಹುಡುಕಿ ಮೀಟಿದ.

ಮೊದಲ ಸಾಲು. ಏನೂ ಇಲ್ಲ.

ಎರಡನೆಯದು. ವಾಲ್ವುಗಳು ಕೆಂಪಗೆ ಉರಿದವು. ಕಾವ್ಯಾ ಉಸಿರೆಳೆದಳು. ಪೆಟ್ಟಿಗೆಯೊಳಗೆ ಏನೋ ಹೊರಳಿತು. ಮರ ಕಿರ್ರೆಂದಿತು. ಹೊರಗೆ ಸೈರನ್ ಕೂಗಿತು. ಕಾರ್ಖಾನೆಗಳ ಪಾಳಿ ಮುಗಿದಿತ್ತು. ಯಂತ್ರಗಳು ಒಂದೊಂದಾಗಿ ನಿಂತವು. ಧಡಧಡ ಅಡಗಿತು.

ಯಂತ್ರಗಳೆಲ್ಲ ಒಟ್ಟಿಗೆ ನಿಂತರೆ ಪೀಣ್ಯದ ಮನೆಗಳಲ್ಲಿ ವೋಲ್ಟೇಜು ಏರುತ್ತದೆ. ಅದು ಮಲ್ಲಿಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಟೆಬಿಲೈಸರು ಮೂಲೆಯಲ್ಲಿ ಬಿದ್ದಿತ್ತು. ಅವನೇ ಕಿತ್ತೆಸೆದದ್ದು. ನೆನಪಾಯಿತು. ಕೈ ಬಿಡುವಂತಿಲ್ಲ. ನುಡಿ ಮುಗಿದಿಲ್ಲ.

ಬಲ್ಬು ಬೆಳ್ಳಗಾಯಿತು. ವಾಲ್ವು ನೀಲಿಯಾಯಿತು. ಸುಟ್ಟ ವಾರ್ನಿಷಿನ ಹೊಗೆ. ಕಾವ್ಯಾ ಉಸಿರು ಬಿಡಲಿಲ್ಲ. ಕತ್ತಿನ ನರ ಬಿಗಿಯಿತು. ಒಂದು ದನಿ ಮೇಲೆದ್ದಿತು. ಅದರ ಹಿಂದೆ ಇನ್ನೊಂದು. ಹಿಂದಿನದು ಕಾವ್ಯಾಳದು. ಹಿಂದಿನದು! ಅವನಿಗೆ ಕೇಳಿಸಿತು. "ಕಾವ್ಯಾ, ಬ್ಯಾಡ, ಬಿಡು!" ಎಂದು ಕೂಗಿದ.

ಢಂ.

ವಾಲ್ವು ಸಿಡಿದು ಗಾಜು ಚೆಲ್ಲಿತು. ಕತ್ತಲು. ಗಿಟಾರಿನ ತಂತಿಗಳು ತಾವಾಗಿಯೇ ಒಮ್ಮೆ ನಡುಗಿ ಸುಮ್ಮನಾದವು. ನೆಲದ ಮೇಲೆ ಯಾರೋ ಏದುಸಿರು ಬಿಡುತ್ತಿದ್ದರು. ಆಮೇಲೆ ಅವರು ಮಾತಾಡಿದರು.

"ಅವ್ವಾ!"

ಅದು ಕಾವ್ಯಾಳ ಬಾಯಿಂದ ಬಂದಿತ್ತು. ಕಾವ್ಯಾಳ ದನಿಯಾಗಿರಲಿಲ್ಲ. ಎಳೆಯದು, ತುಸು ಕೀರಲು, ನೀರಲ್ಲಿ ನೆನೆದಂಥದು.

ಕತ್ತಲಲ್ಲಿ ಅಂಜಿನಮ್ಮ ತೆವಳುತ್ತ ಬಂದು ಅವಳ ಕಾಲು ತಬ್ಬಿದಳು. "ಕೇಳಿಸ್ತು ಕಣವ್ವಾ! ಸಾಕೂ! ಈಗ ಕೇಳಿಸ್ತು ಕಣವ್ವಾ!"

ಒಳಗೆ ಮೊದಲು ಸೇರಿದವರು ಮೊದಲು ಹೊರಗೆ ಬರುತ್ತಾರೆ ಎಂದು ಸ್ವಾಮಿಗಳು ಆಕೆಗೆ ಅಂದೇ ಹೇಳಿದ್ದರಂತೆ. ಬೇಕೆಂದೇ ಮುಚ್ಚಿಟ್ಟಳು. "ತಪ್ಪಾಯ್ತು ಕಣಪ್ಪಾ. ನಿನ್ ತಂಗೀದೂ ಆಮೇಕೆ ಬತ್ತದೆ ಅಂದ್ಕಂಡೆ. ನನ್ ಮಗ್ಳು ದನಿ ಒಂದ್ಸಲ ಕೇಳಿ ಸಾಯಾನ ಅನ್ನಿಸ್ಬುಡ್ತು," ಎಂದು ಮಲ್ಲಿಕನ ಕಾಲಿಗೂ ಬಿದ್ದಳು. ಹೊಡೆಯಲು ಎತ್ತಿದ್ದ ಅವನ ಕೈ ಹಾಗೆಯೇ ಕೆಳಗಿಳಿಯಿತು. ಒಂದೇ ಒಂದು ಸಲ ಕೇಳುವ ಆಸೆ ಎಂಥದೆಂದು ಅವನಿಗೂ ಗೊತ್ತಿತ್ತಲ್ಲ.

ಕಾವ್ಯಾ ಕಾವ್ಯಾಳೇ. ಅದೇ ನಗು, ಅದೇ ಸಿಟ್ಟು, ಅದೇ ರಾಣೆಬೆನ್ನೂರಿನ ಮಾತು. ಗಂಟಲು ಮಾತ್ರ ಬೇರೆಯವರದು. ಅವಳು ಬಾಯಿ ತೆರೆದಾಗಲೆಲ್ಲ ತಾನೇ ಬೆಚ್ಚುತ್ತಿದ್ದಳು. ಬರಬರುತ್ತ ಮಾತು ಕಡಿಮೆ ಮಾಡಿ, ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡತೊಡಗಿದಳು. ಹಾಡಲು ನೋಡಿದಳು. ಸ್ವರ ಹಿಡಿತಕ್ಕೆ ಬರಲಿಲ್ಲ. ಸ್ವರ ಪರೀಕ್ಷೆಯ ದಿನ ಮನೆಯಿಂದ ಹೊರಗೇ ಬರಲಿಲ್ಲ. ಅಂಜಿನಮ್ಮ ಮುಂಜಾನೆಯೇ ಬಾಗಿಲಲ್ಲಿ ಬಂದು ಕೂತು, "ಏನಾರಾ ಮಾತಾಡವ್ವಾ," ಎಂದು ಗೋಗರೆಯುತ್ತಿದ್ದಳು. ಕರುಣೆಯ ಹುಡುಗಿ ಕಾವ್ಯಾ. ಆ ಮುದುಕಿಗಾಗಿ ಮಾತ್ರ ಒಂದೆರಡು ಮಾತಾಡುತ್ತಿದ್ದಳು.

ಮಲ್ಲಿಕ್ ಬ್ಯಾಂಡು ಬಿಟ್ಟ. ಎಸ್.ಪಿ. ರೋಡಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಅದೇ ನಮೂನೆಯ ವಾಲ್ವು ತಂದ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ತಾನೇ ಕೂತು ಸುತ್ತು ಸುತ್ತಾಗಿ ಮತ್ತೆ ಸುತ್ತಿದ. ತಂಗಿಯ ದನಿ ಇನ್ನೂ ಒಳಗೆಲ್ಲೋ ಇದೆ, ಗಿಟಾರಿಗೂ ಪೆಟ್ಟಿಗೆಗೂ ಮೊದಲಿನ ಹೊಂದಾಣಿಕೆ ಬಂದರೆ ಸಿಕ್ಕೀತು ಎಂದು ಅವನ ಆಸೆ. ಪೆಟ್ಟಿಗೆ ಹೊತ್ತಿಕೊಂಡಿತು. ತಂತಿ ಮೀಟಿದರೆ ದನಿ ಬರಲಿಲ್ಲ. ಗುಂಯ್ ಎನ್ನುವುದೊಂದೇ ಬಂತು. ಗುಂಯ್ ಕೊಲ್ಲುವುದಕ್ಕೆ ಸಂಬಳ ತೆಗೆದುಕೊಳ್ಳುವವನು ಈಗ ದಿನಾ ಸಂಜೆ ಅದಕ್ಕೇ ಕಿವಿಗೊಟ್ಟು ಕೂರುತ್ತಿದ್ದ, ಅದರ ಕೆಳಗೆ ಎಲ್ಲಾದರೂ ಆ ಸಣ್ಣ ಜಾರು ಕೇಳೀತೇ ಎಂದು.

ಊರಿಗೆ ಫೋನ್ ಮಾಡಿದಾಗಲೆಲ್ಲ ಒಂದೊಂದು ನೆಪ. ಶೀತ ಎಂದ, ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ ಎಂದ, ಗೆಳತಿಯ ಮದುವೆ ಎಂದ. ಕೊನೆಗೆ ಕಮಲಮ್ಮ, "ಈ ಐತವಾರ ಆಕೀನ್ನ ಮಾತಾಡ್ಸಲಿಲ್ಲಂದ್ರ ನಾನ ಬಸ್ ಹತ್ತಿ ಬರ್ತೀನಿ," ಎಂದಳು. ಅಣ್ಣ ತಂಗಿ ಬೂತಿಗೆ ಹೋದರು. ನಾನು ಎಲ್ಲಾ ಹೇಳಿಬಿಡುತ್ತೇನೆ, ಅವ್ವನಿಗೆ ನನ್ನ ಗುರುತು ಸಿಕ್ಕೇ ಸಿಗುತ್ತದೆ ಎಂದು ಕಾವ್ಯಾ ಚೀಟಿ ಬರೆದು ತೋರಿಸಿದ್ದಳು. ಗಾಜಿನ ಬಾಗಿಲು ಹಾಕಿಕೊಂಡು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು.

"ಅವ್ವಾ..."

"ಯಾರವ್ವಾ?"

"ನಾ ಅವ್ವಾ... ನಾನು."

"ಗೊತ್ತಾಗ್ಲಿಲ್ಲ ನೋಡವ್ವಾ. ಕಾವ್ಯಾನ ಗೆಳತಿ ಏನು? ಫೋನು ಆಕೀ ಕೈಯಾಗ ಕೊಡವ್ವಾ, ನಿನಗ ಪುಣ್ಯಾ ಬರ್ತೇತಿ. ಆಕೀ ದನಿ ಕೇಳಿ ಭಾಳ ದಿನಾ ಆತು. ಜೀವಾ ಹೊಯ್ದಾಡಾಕತ್ತೇತಿ."

ಕಾವ್ಯಾ ಅಣ್ಣನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಅವಳು ಕಣ್ಣೊರೆಸಿಕೊಂಡಳು.

"ಆಕಿ ಹೊರಗ ಹೋಗ್ಯಾಳ್ರೀ," ಎಂದಳು. "ಬಂದ ಕೂಡ್ಲೆ ಹೇಳ್ತೀನ್ರೀ."

"ಹೇಳವ್ವಾ, ಮರೀಬ್ಯಾಡ. ನಿನ್ನ ದನೀನೂ ಚಲೋ ಐತಿ ನೋಡು, ಕೂಸಿನಂಗ. ನೀನೂ ಹಾಡ್ತಿಯೇನು?"

"ಇಲ್ರೀ," ಎಂದು ಹೇಳಿ ಕಾವ್ಯಾ ಫೋನ್ ಇಟ್ಟಳು.